ಮಳೆಗೆ ಅಳಿಯದ ರಂಗೋಲಿ

ಇವತ್ತು ಬೆಳಿಗ್ಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ರಂಗೋಲಿ ಡಬ್ಬಿ ಹುಡುಕುತ್ತಿದ್ದವಳ ಕೈಗೆ ಬಿಳಿ ಪೇಂಟಿನ ಹಳೇ ಡಬ್ಬ ಸಿಕ್ಕಿತು. ಮುಚ್ಚಳ ಎಬ್ಬಿಸಿದೆ ನೋಡಿ, ಆ ವಾಸನೆಗೆ ಎಂಟು ವರ್ಷದ ಹಿಂದಿನ ನನ್ನ ಜಾಣತನವೆಲ್ಲ ನೆನಪಾಗಿ ಒಬ್ಬಳೇ ನಕ್ಕೆ.

ಮೈಸೂರಿನವಳಾದ ನನಗೆ ಬಾಗಿಲಿಗೆ ರಂಗೋಲಿಯಿಲ್ಲದೆ ಕಾಫಿ ಇಳಿಯುವುದಿಲ್ಲ. ಐರ್ಲೆಂಡಿನ ಟಾಲಾ ಊರಿನ ಈ ಮನೆಗೆ ಬಂದಾಗ ಮಗಳು ಅದಿತಿಗೆ ಆರು ವರ್ಷ. ಪೈಜಾಮದಲ್ಲೇ ಎದ್ದು ಬಂದು ಅವಳು ಚುಕ್ಕಿ ಇಡುತ್ತಿದ್ದಳು, ನಾನು ಎಳೆ ಸೇರಿಸುತ್ತಿದ್ದೆ. ಇಲ್ಲಿನ ಮಳೆಗೆ ಮಾತ್ರ ತಾಳ್ಮೆಯಿಲ್ಲ. ಒಳಗೆ ಹೋಗಿ ಹಾಲು ಕಾಯಿಸುವಷ್ಟರಲ್ಲಿ ಚುಕ್ಕಿಯೂ ಇಲ್ಲ, ಎಳೆಯೂ ಇಲ್ಲ. ರೋಸಿಹೋಗಿ ಒಂದು ಶನಿವಾರ ಎಂಟು ದಳದ ಕಮಲವನ್ನು ಪೇಂಟಿನಲ್ಲೇ ಬರೆದುಬಿಟ್ಟೆ. ಇನ್ನು ಸುರಿ ನೋಡೋಣ ಎಂದು ಮೋಡಕ್ಕೆ ಸವಾಲೂ ಹಾಕಿದೆ.

ಪಕ್ಕದ ಮನೆಯ ಪದ್ಮಕ್ಕ ಕುಂದಾಪುರದವರು, ನಿವೃತ್ತ ನರ್ಸ್. ಆ ವರ್ಷ ಲೈಬ್ರರಿಯಲ್ಲಿ ಹಳೇ ಜಪಾನಿ ಸಾಹಿತ್ಯದ ಕ್ಲಾಸಿಗೆ ಸೇರಿದ್ದರು. ಪ್ರತಿ ಗುರುವಾರ ನನ್ನ ಅಡುಗೆಮನೆಗೆ ಬಂದು ಪಾಠ ಒಪ್ಪಿಸುತ್ತಿದ್ದರು. ಅರಮನೆಯ ಹೆಂಗಸರ ದಿನಚರಿ, ಬೆಟ್ಟದಲ್ಲಿ ಗುಡಿಸಲು ಕಟ್ಟಿಕೊಂಡ ಭಿಕ್ಷುಗಳ ಬರಹ. ಎಲ್ಲದರಲ್ಲೂ ಬುದ್ಧನದೇ ಮಾತು, ಯಾವುದೂ ನಿಲ್ಲುವುದಿಲ್ಲ ಅಂತ. ನಾನು ಹೂಂಗುಟ್ಟುತ್ತ ಈರುಳ್ಳಿ ಹೆಚ್ಚುತ್ತಿದ್ದೆ.

ಕಮಲ ಬರೆದ ಮೇಲಿನ ಗುರುವಾರ ಅವರು ಬಾಗಿಲಲ್ಲೇ ನಿಂತರು. “ಇದೆಂತ ಮಾರಾಯ್ತಿ, ರಂಗೋಲಿಗೆ ಪೇಂಟಾ? ಚೆರಿ ಹೂ ಉದುರ್ತದೆ ಅಂತ ಗೊತ್ತಿದ್ದೇ ಅಲ್ವಾ ಆ ಜಪಾನಿನವ್ರೆಲ್ಲ ಮರದ ಕೆಳಗೆ ಹೋಗಿ ಕೂತದ್ದು? ನೀನಾದ್ರೆ ಹೂವಿಗೆ ಗೋಂದು ಹಚ್ತಿದ್ದೆ!”

“ನಿಮ್ಮ ಜಪಾನಿನವರು ಟಾಲಾ ಮಳೆ ನೋಡಿಲ್ಲ ಬಿಡಿ, ಪದ್ಮಕ್ಕ.”

“ಅದಿರ್ಲಿ. ನಾನು ಬೆಳಿಗ್ಗೆ ವಾಕಿಂಗ್ ಹೋಗುವಾಗ ಅದಿತಿ ಕಾಣುದೇ ಇಲ್ವಲ್ಲ ಈಗ?”

ಚುರುಕ್ಕೆಂದಿತು. ಚುಕ್ಕಿ ಇಡುವ ಕೆಲಸ ತಪ್ಪಿದ ಮೇಲೆ ಮಗಳು ಹಾಸಿಗೆ ಬಿಟ್ಟೇ ಏಳುತ್ತಿರಲಿಲ್ಲ. ರಂಗೋಲಿ ಉಳಿಸಲು ಹೋಗಿ ಅವಳ ಬೆಳಗಿನ ಜೊತೆಯನ್ನೇ ಕಳೆದುಕೊಂಡಿದ್ದೆ. ಅಳುವೇ ಬಂತು. ಆ ಕಮಲವನ್ನು ಕೆರೆದು ತೆಗೆಯಲು ನನಗೂ ಪದ್ಮಕ್ಕನಿಗೂ ಎರಡು ಶನಿವಾರ ಹಿಡಿಯಿತು. “ಯಾವುದೂ ನಿಲ್ಲೂದಿಲ್ಲ ಅಂತ ಬರೆದವ್ರಿಗೆ ಈ ಪೇಂಟ್ ಗೊತ್ತಿರ್ಲಿಲ್ಲ ಕಾಣ್ತದೆ” ಎಂದು ಪದ್ಮಕ್ಕ ಸೊಂಟ ಹಿಡಿದುಕೊಂಡು ಗೊಣಗಿದರು.

ಇವತ್ತು ಆ ಡಬ್ಬದ ವಾಸನೆಗೆ ಅದಿತಿ ಮೂಗು ಮುಚ್ಚಿಕೊಂಡು ಕೆಳಗೆ ಬಂದಳು. ಹದಿನಾಲ್ಕರ ಹುಡುಗಿ ಭಾನುವಾರ ಇಷ್ಟು ಬೇಗ ಏಳುವುದೇ ಅಪರೂಪ. ಕಥೆ ಹೇಳಿದೆ. ಅವಳಿಗೆ ಪೇಂಟಿನ ಕಮಲದ ನೆನಪೇ ಇಲ್ಲ! ಮಳೆ ತೊಳೆದುಕೊಂಡು ಹೋದ ರಂಗೋಲಿಗಳು ಮಾತ್ರ ನೆನಪಿವೆಯಂತೆ, ಹನಿ ಬಿದ್ದ ಕೂಡಲೇ ನಾವಿಬ್ಬರೂ ಕಿರುಚಿಕೊಂಡು ಒಳಗೆ ಓಡುತ್ತಿದ್ದುದೂ.

ಪೇಂಟಿನ ಡಬ್ಬವನ್ನು ಎಸೆಯಲು ತೆಗೆದಿಟ್ಟೆ. ಅಷ್ಟರಲ್ಲಿ ಅವಳು ರಂಗೋಲಿ ಪುಡಿ ಹಿಡಿದು ಬಾಗಿಲ ಮುಂದೆ ಕೂತಾಗಿತ್ತು.

“ಮೋಡ ಕಟ್ಟಿದೆ ಕಣೇ.”

“ಗ್ರ್ಯಾಂಡ್, ಅಮ್ಮಾ.” ಇಲ್ಲಿಯವರ ಮಾತಿನಲ್ಲಿ, ಪರವಾಗಿಲ್ಲ ಬಿಡು ಅಂತ.

ಏಳನೇ ಚುಕ್ಕಿಗೆ ಮೊದಲ ಹನಿ ಬಿತ್ತು. ಈ ಸಲ ಇಬ್ಬರೂ ಓಡಲಿಲ್ಲ. ಅವಳು ಎಂಟನೆಯದನ್ನು ಇಟ್ಟಳು.