ಲೋಕೇಶನ ಬ್ಲಡ್ ಗ್ರೂಪ್

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಪುತ್ತೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಹಿರಿಯ ಟೆಕ್ನೀಷಿಯನ್. ರಕ್ತ ತೆಗೆಯುವಾಗ ಮಾತಿಗೆಳೆದರೆ ರೋಗಿಗೆ ಸೂಜಿಯ ಭಯ ಇರುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೆ ಮಾತಿನ ಚಟ.

ಕೋಡಿಂಬಾಳದ ಲೋಕೇಶ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಕಡಬದಲ್ಲಿ ವೆಲ್ಡಿಂಗ್ ಕೆಲಸ. ಅವನಿಗೆ ಬೈಪೋಲಾರ್ ಕಾಯಿಲೆ. ಮನಸ್ಸು ಒಮ್ಮೆ ವಿಪರೀತ ಉಬ್ಬುತ್ತದೆ, ಒಮ್ಮೆ ಪೂರ್ತಿ ಕುಸಿಯುತ್ತದೆ. ಅದನ್ನು ಹದದಲ್ಲಿಡುವುದು ಲಿಥಿಯಂ ಮಾತ್ರೆ. ಅದರ ಪ್ರಮಾಣ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ನೋಡುತ್ತಿರಬೇಕು. ಆರು ವರ್ಷ ಅವನ ವರದಿ ಸರಿಯಾಗಿತ್ತು, ಅವನೂ ಸರಿಯಾಗಿದ್ದ.

ಒಂದು ಬೆಳಿಗ್ಗೆ ತಂಗಿ ಹರಿಣಾಕ್ಷಿಯನ್ನೂ ಕರೆತಂದ. ಅವಳ ಮದುವೆಯ ಬಯೋಡೇಟಾದಲ್ಲಿ ಬ್ಲಡ್ ಗ್ರೂಪ್ ಬರೆಯಬೇಕಿತ್ತು. ನೋಡಿದರೆ ಅಣ್ಣನದೇ ಗ್ರೂಪ್, ಓ ಪಾಸಿಟಿವ್. ಅಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಎಲ್ಲೋ ಅರ್ಧ ಓದಿದ್ದು ನೆನಪಾಯಿತು.

“ಗೊತ್ತುಂಟಾ ಮಾರಾಯ, ನಿನ್ನ ಕಾಯಿಲೆ ಯಾರಿಗೆ ಬರ್ತದೆ ಅಂತ ಬ್ಲಡ್ ಗ್ರೂಪಿನಲ್ಲೇ ಹುಡುಕಿದ್ದಾರೆ. ಓ ಗ್ರೂಪಿನ ಮೇಲೆ ಸಂಶಯ ಇತ್ತಂತೆ.”

ಲೋಕೇಶ ತಂಗಿಯ ಮುಖ ನೋಡಿದ, ಎದ್ದು ಹೊರಟ. ಒಬ್ಬ ಸಂಶೋಧಕರಿಗೆ ಕಂಡ ಸಂಬಂಧ ಇನ್ನೊಬ್ಬರಿಗೆ ಕಾಣಲಿಲ್ಲ, ಗ್ರೂಪ್ ನೋಡಿ ಯಾರ ಕಾಯಿಲೆಯನ್ನೂ ಹೇಳಲಾಗದು ಎಂಬ ಉಳಿದರ್ಧವನ್ನು ನಾನು ಓದಿದ್ದು ಆಮೇಲೆ.

ಮುಂದಿನ ಸಲ ಹರಿಣಾಕ್ಷಿಯೇ ಅವನನ್ನು ಒತ್ತಾಯದಿಂದ ಕರೆತಂದಳು. ನಿದ್ದೆಗೆಟ್ಟ ಕಣ್ಣು, ನಿಲ್ಲದ ಮಾತು. ವರದಿಯಲ್ಲಿ ಲಿಥಿಯಂ ಇರಲೇ ಇಲ್ಲ.

“ಮಾತ್ರೆ ತಗೊಳ್ಳುದಿಲ್ವಾ?” ಎಂದೆ.

“ರಕ್ತದಲ್ಲೇ ಉಂಟಲ್ಲ ಸರ್, ನೀವೇ ಹೇಳಿದ್ದು. ಮಾತ್ರೆ ಎಂತ ಮಾಡ್ತದೆ? ಪಾಪ, ಇವಳಿಗೂ ಬರ್ತದೆ.”

ನಾನು ಒಳಗೆ ಹೋಗಿ ಅವನ ವೈದ್ಯರಿಗೆ ಫೋನ್ ಮಾಡಿ ಬರುವಷ್ಟರಲ್ಲಿ ಅವನು ತಂಗಿಯ ಕೈ ಕೊಸರಿಕೊಂಡು ಹೋಗಿಯಾಗಿತ್ತು. ಮರುದಿನ ಕಲ್ಲುಗುಂಡಿಯಲ್ಲಿ ಮಡಿಕೇರಿ ಬಸ್ಸು ಹತ್ತಿದ್ದನ್ನು ಯಾರೋ ಕಂಡಿದ್ದರಂತೆ. ಪೊಲೀಸರು ಹುಡುಕಿದರು, ನಾವೂ ಹುಡುಕಿದೆವು. ಇಂದಿಗೂ ಅವನು ಸಿಕ್ಕಿಲ್ಲ.

ತಿಂಗಳ ನಂತರ ಕೋಡಿಂಬಾಳಕ್ಕೆ ಹೋಗಿ ಹರಿಣಾಕ್ಷಿಯ ಎದುರು ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನಿಮ್ಮದು ಯಾವ ಗ್ರೂಪು ಸರ್?”

“ಓ ಪಾಸಿಟಿವ್.”

“ಅದನ್ನು ಅವತ್ತೇ ಅವನಿಗೆ ಹೇಳ್ಬಹುದಿತ್ತಲ್ಲ.”

ಲ್ಯಾಬಿನವನ ಹರಟೆಯನ್ನು ಜನ ಹರಟೆಯೆಂದು ಕೇಳುವುದಿಲ್ಲ, ವರದಿಯೆಂದೇ ನಂಬುತ್ತಾರೆ. ಮೂವತ್ತೈದು ವರ್ಷದ ಕೆಲಸ ಕಲಿಸದ ಇದನ್ನು ನನಗೆ ಕಲಿಸಿದವನು ಲೋಕೇಶ. ಆ ಪಾಠದ ಬೆಲೆ ತೆತ್ತವನು ನಾನಲ್ಲ.