ಮುಳ್ಳಕ್ಕ ಸಮುದ್ರಕ್ಕೆ ಹೋದದ್ದು

ಮೀನು ಮಾರುಕಟ್ಟೆಯ ಉದ್ದನೆಯ ಹಜಾರದಲ್ಲಿ, ಬಾಗಿಲಿನಿಂದ ಮೂರನೆಯ ಕಲ್ಲುಮೇಜು ಅವಳದು. ಸ್ವಂತ ಹೆಸರು ಹಿಡಿದು ಕರೆಯುವವರು ಈಗ ಹೆಚ್ಚು ಉಳಿದಿಲ್ಲ. ಎಲ್ಲರಿಗೂ ಅವಳು ಮುಳ್ಳಕ್ಕ. ಮೀನಿನಲ್ಲಿ ಒಂದು ಮುಳ್ಳೂ ಬಿಡದೆ ತೆಗೆದುಕೊಡುತ್ತಾಳೆಂದು ಗಿರಾಕಿಗಳು ಇಟ್ಟ ಹೆಸರು ಅದು. ಅಕ್ಕಪಕ್ಕದ ಮೇಜಿನವರು ಅದೇ ಹೆಸರನ್ನು ಬೇರೆ ಅರ್ಥದಲ್ಲಿ ಬಳಸುತ್ತಿದ್ದರು. ಯಾರಾದರೂ "ಮೀನು ತಾಜಾ ಇದೆಯಾ?" ಎಂದು ಕೇಳಿದರೆ, "ಇಲ್ಲ, ಹೋದ ವಾರದಿಂದ ನಿಮ್ಮ ದಾರೀನೇ ಕಾಯ್ತಾ ಮಲಗಿದೆ" ಎನ್ನುವ ಹೆಂಗಸು ಅವಳು. ಕತ್ತಿ ಓಡುವಷ್ಟು ಹೊತ್ತೂ ನಾಲಿಗೆಯೂ ಓಡುತ್ತಿತ್ತು.

ಸೋದರತ್ತೆಯ ಕೈ ಹಿಡಿದು ಆ ಹಜಾರಕ್ಕೆ ಬಂದಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಈಗ ತಲೆ ಪೂರ್ತಿ ನರೆತಿದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳು ದೋಣಿ ಹತ್ತಿರಲಿಲ್ಲ. ಭಯವಿತ್ತೆಂದಲ್ಲ, ಕೆಲಸ ಬಿದ್ದಿರಲಿಲ್ಲ, ಅಷ್ಟೇ. ಮೀನು ಬುಟ್ಟಿಯಲ್ಲಿ ಬರುತ್ತಿತ್ತು, ಪೊಟ್ಟಣದಲ್ಲಿ ಹೋಗುತ್ತಿತ್ತು.

ಗಂಡ ಐಸ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ. ಮನೆಗೆ ಬೇಕಾದಷ್ಟು ಮಾತನ್ನು ಹೆಂಡತಿಯೇ ಆಡುತ್ತಾಳೆಂದು ಅವನು ನೆಮ್ಮದಿಯಾಗಿದ್ದ. ಇದ್ದವಳು ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಮದುವೆಯಾದದ್ದು ಆ ಅಂಗಡಿಗೆ ವೈರಿಂಗ್ ಮಾಡಲು ಬಂದ ಎಲೆಕ್ಟ್ರಿಷಿಯನ್‌ನನ್ನು. ಹುಡುಗನನ್ನು ಮೊದಲ ಸಲ ನೋಡಿದ ದಿನ ಮುಳ್ಳಕ್ಕ ಅಡುಗೆಮನೆಯಲ್ಲಿ, "ಇವನನ್ನ ಕಂಬಕ್ಕೆ ಕಟ್ಟಿದ್ರೆ ಕಂಬವೇ ದಪ್ಪ ಕಾಣುತ್ತೆ" ಎಂದಿದ್ದಳು. ಅಡುಗೆಮನೆಯ ಗೋಡೆ ತೆಳುವಾಗಿತ್ತು. ಅಂದಿನಿಂದ ಅಳಿಯ ಅತ್ತೆಯರ ಮಧ್ಯೆ ಜಗಳವೂ ಇಲ್ಲ, ಸಲಿಗೆಯೂ ಇಲ್ಲ. ಅವನು "ಚೆನ್ನಾಗಿದ್ದೀರಾ ಅತ್ತೆ" ಎನ್ನುತ್ತಿದ್ದ, ಇವಳು "ಹೂಂ, ನೀವು ಹೇಗಿದ್ದೀರಿ" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹಾಗಿದ್ದ ಅಳಿಯ ಒಂದು ದಿನ ಸೀದಾ ಮಾರುಕಟ್ಟೆಗೆ ಬಂದು ಅವಳ ಮೇಜಿನ ಮುಂದೆ ನಿಂತ. ಅವಳು ನೀರು ಹೊಯ್ದು ಕಲ್ಲು ಉಜ್ಜುತ್ತಿದ್ದಳು.

"ಅತ್ತೆ, ಭಾನುವಾರ ನಾವು ಕೆಲವರು ಬೋಟಿನಲ್ಲಿ ಗಾಳ ಹಾಕೋಕೆ ಹೋಗ್ತಿದೀವಿ. ಬೋಟಿನವರೇ ಕೋಲು, ಗಾಳ ಎಲ್ಲ ಕೊಟ್ಟು ತೋರಿಸಿಕೊಡ್ತಾರೆ. ನನ್ನ ಸ್ನೇಹಿತ ಒಬ್ಬ ಕೈಕೊಟ್ಟ. ಒಂದು ಸೀಟು ಖಾಲಿ ಇದೆ. ನೀವು ಬನ್ನಿ."

"ನನಗೆ ಮೀನು ಇಲ್ಲೇ ಸಿಗುತ್ತೆ."

"ಸಿಗುತ್ತೆ. ಆದ್ರೂ ಬನ್ನಿ."

"ನನ್ನ ಮಗಳನ್ನ ಕರ್ಕೊಂಡು ಹೋಗಿ."

"ಅವಳಿಗೆ ಆಗಲ್ಲ," ಎಂದ ಅಳಿಯ ಮೇಜಿನ ಮುಂದಿನಿಂದ ಕದಲಲಿಲ್ಲ. ಪಕ್ಕದ ಮೇಜಿನವಳು ಕಿವಿ ಇತ್ತ ಕೊಟ್ಟಿದ್ದಾಳೆಂದು ಮುಳ್ಳಕ್ಕನಿಗೆ ಗೊತ್ತಾಯಿತು. ಅವಳಿಗೊಂದು ಕತೆ ಸಿಗದಿರಲಿ ಎಂದೋ ಏನೋ, "ಆಯ್ತು, ಬರ್ತೀನಿ" ಎಂದುಬಿಟ್ಟಳು.

ಭಾನುವಾರ ಬೆಳಗ್ಗೆ ಬೋಟಿನಲ್ಲಿ ಐದು ಜನರಿದ್ದರು. ಗಡಿಯಾರದ ಅಂಗಡಿಯ ಅಣ್ಣತಮ್ಮಂದಿರು ಇಬ್ಬರು ಮುಂದಿನ ತುದಿಯಲ್ಲಿ ಜಾಗ ಹಿಡಿದು ಕೂತರು. ಅವರಿಗೆ ಮೀನು ಬಿಟ್ಟು ಬೇರೆ ಪ್ರಪಂಚವಿರಲಿಲ್ಲ. ಅತ್ತೆ ಅಳಿಯ ಹಿಂದೆ. ನಡುವೆ, ಗಾಜಿನ ಮರೆಯಲ್ಲಿ, ಬೋಟಿನ ಯಜಮಾನ. ಬಿಸಿಲಿಗೆ ಒರಟು ತೊಗಲಿನಂತಾದ ಮುಖದ ಅವನು ಎಲ್ಲರಿಗೂ ಲೈಫ್ ಜಾಕೆಟ್ಟು ತೊಡಿಸಿ, ಮುಳ್ಳಕ್ಕನ ಜಾಕೆಟ್ಟಿನ ಪಟ್ಟಿಯನ್ನು ಎರಡು ಸಲ ಎಳೆದು ನೋಡಿದ.

ಬಂದರಿನ ಗೋಡೆ ದಾಟಿದ ಮೇಲೆ ಬೋಟು ಏಳುತ್ತ ಬೀಳುತ್ತ ಹೋಗತೊಡಗಿತು. ಮುಳ್ಳಕ್ಕ ಮೊದಮೊದಲು ಏನೋ ಟೀಕೆ ಮಾಡುತ್ತಿದ್ದವಳು ಬರಬರುತ್ತ ಸುಮ್ಮನಾದಳು. ಕೊನೆಗೆ ಹೊಟ್ಟೆ ತೊಳಸಿ ಬಂತು. ಅಳಿಯ ಮೊದಲೇ ಬಕೆಟ್ಟು ಹತ್ತಿರ ಇಟ್ಟುಕೊಂಡಿದ್ದ. ಅವಳು ವಾಂತಿ ಮಾಡುವಾಗ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಅವಳ ಹಣೆ ಹಿಡಿದುಕೊಂಡ. ಆಮೇಲೆ ಬಾಯಿ ಮುಕ್ಕಳಿಸಲು ನೀರು ಕೊಟ್ಟ.

"ದೂರ ಆಕಾಶ ಮುಟ್ಟೋ ಕಡೆ ನೋಡ್ತಾ ಇರಿ. ಕಡಿಮೆಯಾಗುತ್ತೆ."

ಕಡಿಮೆಯಾಯಿತು.

ಯಜಮಾನ ಒಂದು ಕಡೆ ಎಂಜಿನ್ ನಿಲ್ಲಿಸಿ, ತಳದ ಬಂಡೆ ತೋರಿಸುವ ಸಣ್ಣ ಪರದೆಯನ್ನು ನೋಡಿ, ಗಾಳ ಬಿಡಲು ಹೇಳಿದ. ಮುಳ್ಳಕ್ಕನ ಪಕ್ಕಕ್ಕೆ ಬಂದು ದಾರ ಸುತ್ತುವ ರಾಟೆಯಿದ್ದ ಕೋಲು ಹಿಡಿಸಿದ. "ಅಮ್ಮಾ, ಸೀಸದ ಗುಂಡು ತಾನಾಗೇ ಇಳೀಲಿ. ತಳ ತಾಗಿದಾಗ ದಾರ ಸಡಿಲ ಆಗುತ್ತೆ. ಆಗ ಎರಡು ಸುತ್ತು ಮೇಲೆ ಎಳ್ಕೊಳ್ಳಿ, ಇಲ್ದಿದ್ರೆ ಬಂಡೆಗೆ ಸಿಕ್ಕಿಕೊಳ್ಳುತ್ತೆ. ಆಮೇಲೆ ಕಾಯೋದೇ ಕೆಲಸ."

ದಾರ ಇಳಿಯುತ್ತಲೇ ಇತ್ತು. ಇಷ್ಟು ಆಳ ಇದೆಯೆಂದು ಅವಳು ಎಣಿಸಿರಲಿಲ್ಲ.

ಕಾಯುತ್ತಿರುವಾಗ ಅಳಿಯ, ಅವಳ ಕಡೆ ನೋಡದೆ, ನೀರನ್ನೇ ನೋಡುತ್ತ ಹೇಳಿದ: "ಅತ್ತೆ, ಯಾವ ಸ್ನೇಹಿತನೂ ಕೈಕೊಟ್ಟಿಲ್ಲ. ನಿಮಗೋಸ್ಕರವೇ ಸೀಟು ತಗೊಂಡೆ. ನಿಮ್ಮ ಮಗಳು ಕಳಿಸಿದ್ಲು. ಅವಳಿಗೆ ಈಗ ನಾಲ್ಕನೇ ತಿಂಗಳು."

ಮುಳ್ಳಕ್ಕ ತಿರುಗಿದಳು. ಅವಳು ಬಾಯಿ ತೆಗೆಯುವ ಮುಂಚೆ ಅವನು ಮುಂದುವರಿಸಿದ.

"ಪೂರ್ತಿ ಕೇಳಿ. ಇದು ಮೂರನೆಯದು. ಮೊದಲಿನ ಎರಡೂ ನಿಲ್ಲಲಿಲ್ಲ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದಾರೆ. ಅವಳು ಕೆಲಸಕ್ಕೆ ಹೋಗದೆ ತಿಂಗಳಾಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ಎರಡನೇದನ್ನ ಕಳ್ಕೊಂಡ ವಾರವೇ ನೀವು ಮನೆಗೆ ಊಟಕ್ಕೆ ಬಂದಿದ್ರಿ. ಎಲ್ಲರ ಮುಂದೆ, 'ಊರಿಗೆಲ್ಲ ಕನ್ನಡಕ ಕೊಡ್ತೀಯ, ನೀನೂ ಒಂದು ಹಾಕ್ಕೊಂಡು ನೋಡು, ವಯಸ್ಸು ಎಷ್ಟಾಯ್ತು ಅಂತ ಕಾಣುತ್ತೆ' ಅಂದ್ರಿ. ಅವಳು ನಕ್ಕಳು. ನೀವು ಹೋದ ಮೇಲೆ ಎರಡು ದಿನ ಮಾತಾಡಲಿಲ್ಲ."

ಆ ಮಾತು ಆಡಿದ್ದು ಮುಳ್ಳಕ್ಕನಿಗೆ ನೆನಪಿತ್ತು. ಚೆನ್ನಾಗಿ ಹೇಳಿದೆ ಎಂದುಕೊಂಡದ್ದೂ ನೆನಪಿತ್ತು. ದಾರವನ್ನು ಒಂದು ಸುತ್ತು ಎಳೆದುಕೊಂಡು ಕೇಳಿದಳು: "ಇಷ್ಟು ಹೇಳೋಕೆ ನನ್ನ ಇಲ್ಲಿಗೆ ಕರ್ಕೊಂಡು ಬಂದ್ಯಾ?"

"ಮನೇಲಿ ಹೇಳಿದ್ರೆ ಮಧ್ಯದಲ್ಲೇ ಎದ್ದು ಹೋಗ್ತೀರಿ. ಇಲ್ಲಿಂದ ಎಲ್ಲಿಗೆ ಹೋಗ್ತೀರಿ?"

ಮದುವೆಯಾದ ಈ ಐದು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದಳು. ಅದನ್ನು ಅವನು ಗಮನಿಸಿದ, ಅವಳು ಗಮನಿಸಲಿಲ್ಲ.

ಅಷ್ಟರಲ್ಲಿ ಅವಳ ಕೋಲು ಎರಡು ಸಲ ಜಗ್ಗಿತು, ಮೂರನೆಯ ಸಲ ಬಾಗಿಯೇಬಿಟ್ಟಿತು. ಯಜಮಾನ ಓಡಿಬಂದು, "ಕೊಡಿ ಅಮ್ಮಾ, ದೊಡ್ಡದಿರಬೇಕು," ಎಂದ. ಅವಳು ಕೊಡಲಿಲ್ಲ. ಹಲ್ಲು ಕಚ್ಚಿ ರಾಟೆ ಸುತ್ತಿದಳು. ಕಣ್ಣಲ್ಲಿ ನೀರು ಬಂತು. ಅದು ಮೀನಿನ ಭಾರಕ್ಕೋ ಬೇರೆಯದಕ್ಕೋ ಯಾರೂ ಕೇಳಲಿಲ್ಲ. ಅಳಿಯ ಅವಳ ಜಾಕೆಟ್ಟಿನ ಬೆನ್ನು ಹಿಡಿದು ನಿಂತಿದ್ದ.

ಮೇಲೆ ಬಂದದ್ದು ಕೆಂಪು ಬಣ್ಣದ ದೊಡ್ಡ ಮೀನು. ಕಣ್ಣು ಹೊರಗೆ ಉಬ್ಬಿ, ಬಾಯಿಂದ ಗುಲಾಬಿ ಬಣ್ಣದ ಬಲೂನಿನಂಥದ್ದು ಹೊರಬಂದಿತ್ತು.

"ನಾಲಿಗೆ ಚಾಚಿದೆ ನೋಡು," ಎಂದಳು ಮುಳ್ಳಕ್ಕ ಏದುಸಿರು ಬಿಡುತ್ತ.

"ನಾಲಿಗೆ ಅಲ್ಲ ಅಮ್ಮಾ, ಹೊಟ್ಟೆ. ಆಳದಲ್ಲಿ ನೀರು ಮೈಯನ್ನ ಒತ್ತಿ ಹಿಡಿದಿರುತ್ತೆ. ಮೇಲೆ ಎಳೆದ ಹಾಗೆ ಒಳಗಿನ ಗಾಳಿ ಉಬ್ಬುತ್ತೆ. ಉಬ್ಬಿ ಹೊಟ್ಟೆಯನ್ನ ಬಾಯಿಂದ ಆಚೆ ತಳ್ಳುತ್ತೆ," ಎಂದ ಯಜಮಾನ.

ಅಂಥ ಮೀನುಗಳನ್ನು ಅವಳು ಲೆಕ್ಕವಿಲ್ಲದಷ್ಟು ಕತ್ತರಿಸಿದ್ದಳು. ಅದು ನಾಲಿಗೆಯೆಂದೇ ತಿಳಿದು, ನಾಲಿಗೆ ದಪ್ಪಗಿದ್ದಷ್ಟೂ ಮೀನು ತಾಜಾ ಎಂದು ಗಿರಾಕಿಗಳಿಗೆ ಹೇಳಿ ಮಾರಿದ್ದಳು. ಈಗ ಒಂದಿಷ್ಟು ಹೊತ್ತು ಅದನ್ನು ನೋಡಿ, "ಬೇಗ ಕೆಲಸ ಮುಗಿಸಿ," ಎಂದಳು. ಯಜಮಾನ ಚೂರಿಯಿಂದ ಒಂದೇ ಏಟಿಗೆ ಮುಗಿಸಿ ಅದನ್ನು ಐಸಿನ ಪೆಟ್ಟಿಗೆಗೆ ಹಾಕಿದ.

ಆಮೇಲೆ ಬಂದದ್ದು ಅದೇ ಜಾತಿಯ ಚಿಕ್ಕದು. ಇಷ್ಟು ಸಣ್ಣದನ್ನು ಇಟ್ಟುಕೊಳ್ಳುವಂತಿಲ್ಲ ಎಂದ ಯಜಮಾನ.

"ಇದರದ್ದೂ ಹೊಟ್ಟೆ ಆಚೆ ಬಂದಿದೆಯಲ್ಲ. ಬಿಟ್ರೆ ಬದುಕುತ್ತಾ?"

"ಹಾಗೇ ಬಿಟ್ರೆ ತೇಲುತ್ತೆ, ಹಕ್ಕಿ ಕುಕ್ಕುತ್ತೆ. ಭಾರ ಕಟ್ಟಿ ಕೆಳಗೆ ಇಳಿಸಿದ್ರೆ ಹೊಟ್ಟೆ ತಾನಾಗೇ ಒಳಗೆ ಹೋಗುತ್ತೆ. ಎಲ್ಲವೂ ಬದುಕಲ್ಲ. ಕೆಲವು ಬದುಕುತ್ವೆ."

ಅವನು ಸೀಸದ ತೂಕವಿದ್ದ ಒಂದು ಚಿಮಟಕ್ಕೆ ಮೀನಿನ ತುಟಿ ಸಿಕ್ಕಿಸಿದ. ಇಳಿಸುವ ಕೆಲಸ ತನಗೆ ಕೊಡಿ ಎಂದು ಮುಳ್ಳಕ್ಕ ಕೇಳಿದಳು. ನಿಧಾನವಾಗಿ ದಾರ ಬಿಟ್ಟಳು. ತಳಕ್ಕೆ ಹೋದ ಮೇಲೆ ಅವನು ಹೇಳಿದಂತೆ ಒಮ್ಮೆ ಜಗ್ಗಿದಳು. ಚಿಮಟ ಬಿಚ್ಚಿಕೊಂಡಿತು. ಎಳೆದುಕೊಂಡಾಗ ಬರೀ ತೂಕ ಬಂತು.

ಬೋಟು ದಡ ಸೇರಿದ ಮೇಲೆ ಅವಳು ತನ್ನ ಮನೆಗೆ ಹೋಗಲಿಲ್ಲ. ಅಳಿಯನ ಸ್ಕೂಟರಿನ ಹಿಂದೆ, ಮೀನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಮಗಳು ಕಿಟಕಿಯ ಪಕ್ಕದ ಮಂಚದಲ್ಲಿ, ಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದ್ದಳು. ಅಮ್ಮನನ್ನು ನೋಡಿ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

"ಅವರು ಹೇಳಿದ್ರಾ?"

"ಹೇಳಿದ."

"ಏನಾದ್ರೂ ಅನ್ನು. ಅಂದುಬಿಡು."

"ಏನೂ ಅನ್ನಬಾರದು ಅಂತಲೇ ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡು ಬಂದಿದೀನಿ," ಎಂದು ಮುಳ್ಳಕ್ಕ ಮಂಚದ ತುದಿಯಲ್ಲಿ ಕೂತಳು. ಮಗಳ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು. "ಮೊದಲಿನದು ಎಷ್ಟು ತಿಂಗಳಿಗೆ?"

ಮಗಳು ಹೇಳಿದಳು. ಎರಡನೆಯದನ್ನೂ ಹೇಳಿದಳು. ಆಸ್ಪತ್ರೆ, ನರ್ಸು, ಮನೆಗೆ ಬಂದ ಸಂಜೆ, ಎಲ್ಲವನ್ನೂ. ಅಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಒಳಗೆ ಅಳಿಯ ಮೀನು ತೊಳೆದು ಒಲೆ ಹಚ್ಚಿದ.

ಅಂದಿನಿಂದ ಮುಳ್ಳಕ್ಕ ಮಧ್ಯಾಹ್ನಕ್ಕೇ ಮೇಜು ತೊಳೆದು ಮಗಳ ಮನೆಗೆ ಹೋಗತೊಡಗಿದಳು. ದಿನಾ ಬಾಯಿ ಕಟ್ಟಿಕೊಂಡಿರಲು ಅವಳ ಕೈಲಾಗಲಿಲ್ಲ. ಒಮ್ಮೆ ಹಾಸಿಗೆಯ ಚಾದರದ ಬಗ್ಗೆ ಏನೋ ಅಂದು ಇಬ್ಬರಿಗೂ ಜೋರು ಮಾತಾಯಿತು. ಮರುದಿನ ಮತ್ತೆ ಬಂದಳು. ಗಿರಾಕಿಗಳಿಗೆ, "ಅದು ನಾಲಿಗೆಯಲ್ಲ, ಹೊಟ್ಟೆ" ಎಂದು ತಿದ್ದಿ ಹೇಳಿದರೆ ಯಾರೂ ನಂಬಲಿಲ್ಲ, ವ್ಯಾಪಾರವೇನೂ ಕೆಡಲಿಲ್ಲ.

ಮಗು ದಿನ ತುಂಬುವ ಮುಂಚೆಯೇ ಹುಟ್ಟಿತು. ಹೆಣ್ಣು. ಆಸ್ಪತ್ರೆಯವರು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು, ಬದುಕಿಕೊಂಡಿತು.

ಮರುವರ್ಷ ಬೋಟು ಹೊರಡುವ ಕಾಲ ಬಂದಾಗ ಮುಳ್ಳಕ್ಕ ತಾನೇ ಅಳಿಯನನ್ನು ಕೇಳಿ ಸೀಟು ಹಿಡಿಸಿದಳು. ಆ ಸಲವೂ ವಾಂತಿಯಾಯಿತು, ಅದರ ಮುಂದಿನ ಸಲವೂ.

"ಅಷ್ಟು ಕಷ್ಟಪಟ್ಟು ಯಾಕೆ ಹೋಗ್ತೀಯಮ್ಮಾ?" ಎಂದು ಮಗಳು ಕೇಳಿದಳು.

"ಅಲ್ಲಿ ಯಾರೂ ನನ್ನ ಹತ್ರ ಚೌಕಾಸಿ ಮಾಡಲ್ಲ," ಎಂದು ಮುಳ್ಳಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡಳು.