ತಂದವನು ತಮ್ಮ, ಕಳಿಸಿದವನು ಯಾರು?

ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಗಂಡನ ಮನೆ ಬಿಟ್ಟು ಬಂದಾಗ ಹಳೆಯ ಫೋನನ್ನು ಅಲ್ಲೇ ಬಿಸಾಡಿ ಬಂದಿದ್ದೆ. ನಾನು ಹೋದಲ್ಲೆಲ್ಲ, ಆಸ್ಪತ್ರೆಯ ಬಾಗಿಲಿಗೂ, ಗಂಡನೆಂಬ ಆ ಮನುಷ್ಯ ಬಂದು ನಿಲ್ಲುತ್ತಿದ್ದ ಗುಟ್ಟು ಅದರೊಳಗಿತ್ತು. ಹೊಸೂರಿನ ಫ್ಯಾಕ್ಟರಿಯಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡುವ ಗೆಳತಿ ಹೊಸ ಫೋನಿಗೆ ಬೇರೆಯದೇ ಸಾಫ್ಟ್‌ವೇರ್ ಹಾಕಿಕೊಟ್ಟಳು. ನಮ್ಮ ಸುದ್ದಿಯನ್ನು ಯಾರಿಗೂ ಮಾರದ ಸಾಫ್ಟ್‌ವೇರ್. ಅಪ್‌ಡೇಟ್ ಯಾವ ಸರ್ವರ್‌ನಿಂದಲೇ ಬರಲಿ, ಸಾಫ್ಟ್‌ವೇರ್ ಮಾಡಿದವರು ಅದಕ್ಕೆ ಹಾಕಿದ ಡಿಜಿಟಲ್ ರುಜು ತಾಳೆಯಾಗದಿದ್ದರೆ ಫೋನು ಒಳಗೆ ಬಿಡುವುದಿಲ್ಲ ಎಂದಿದ್ದಳು. ಇದನ್ನೆಲ್ಲ ತಮ್ಮನಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ನನ್ನ ಬಾಡಿಗೆ ಕೋಣೆ ಎಲ್ಲಿದೆ ಎಂಬುದನ್ನು ಮಾತ್ರ ತವರಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ತೊರಪಲ್ಲಿ ಕಡೆಯ ಅವ್ವನ ಮನೆಗೆ ಹೋದೆ. ತಮ್ಮ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಯುತ್ತಿದ್ದ.

“ಅಕ್ಕಾ, ಫೋನ್ ಕೊಡು. ಹೊಸ ಅಪ್‌ಡೇಟ್ ಐತೆ, ಹಾಕ್ಕೊಡ್ತೀನಿ.”

ಒಡಹುಟ್ಟಿದವನಲ್ಲವೇ, ಕೊಟ್ಟೆ. ವೈರು ಸಿಕ್ಕಿಸಿ ಏನೇನೋ ಒತ್ತಿದ. ಫೋನ್ ಒಪ್ಪಲಿಲ್ಲ. ರುಜು ಸರಿಯಿಲ್ಲ ಎಂದು ಇಂಗ್ಲಿಷಿನಲ್ಲಿ ತೋರಿಸಿ ಸುಮ್ಮನಾಯಿತು. ಮತ್ತೆ ಹಾಕಿದ, ಮತ್ತೆ ಅದೇ.

“ದರಿದ್ರ ಫೋನು! ಇದ್ರ ಲಾಕ್ ತೆಗೆದ್ಬುಟ್ರೆ ರುಜು ಗಿಜು ಏನೂ ಕೇಳಲ್ಲ. ನಿನ್ ಪಿನ್ ಹೇಳು.”

“ಈ ಅಪ್‌ಡೇಟ್ ನಿಂಗೆ ಕೊಟ್ಟೋರ್ ಯಾರ್ಲಾ?”

ಅವನು ಅವ್ವನ ಮುಖ ನೋಡಿದ. ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

“ಅಳಿಯಂದ್ರು ಕೊಟ್ರು. ನೀನೆಲ್ಲಿದ್ದೀಯೋ ಅಂತ ಪಾಪ, ಅವ್ರಿಗೂ ಕಳವಳ ಇರಲ್ವಾ?” ಎಂದಳು.

ಪಾಪವಂತೆ! ಅವನು ನನ್ನ ಕೈ ಮುರಿದಾಗ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದವಳು ಇದೇ ಅವ್ವ. ಫೋನ್ ಕಿತ್ತುಕೊಂಡೆ.

“ನಾನ್ ನಿನ್ ತಮ್ಮ ಕಣಕ್ಕ. ನನ್ನೂ ನಂಬಲ್ವಾ?”

“ತಂದೋನು ತಮ್ಮ. ಕಳ್ಸಿದೋನು ಯಾರು? ಫೋನಿಗೆ ಗೊತ್ತಾಯ್ತು, ನಿಂಗ್ ಗೊತ್ತಾಗ್ಲಿಲ್ವೇನ್ಲಾ?”

ಊಟಕ್ಕೂ ಕೂರದೆ ಬಸ್ಸು ಹತ್ತಿದೆ. ನಾನು ಮುಖವನ್ನೇ ಕಾಣದ ಯಾರದೋ ರುಜು ನನ್ನನ್ನು ಕಾಪಾಡಿತ್ತು. ಒಂದೇ ತಟ್ಟೆಯಲ್ಲಿ ಉಂಡವರು ನನ್ನನ್ನು ಹಿಡಿದುಕೊಡಲು ಕೂತಿದ್ದರು. ಸಿಟ್ಟಿಗೆ ಅಳುವೂ ಬರಲಿಲ್ಲ.

ಇಳಿಯುವ ಹೊತ್ತಿಗೆ ಅವ್ವನ ಫೋನ್ ಬಂತು.

“ಎಲ್ಲಿಳ್ಕೊಂಡ್ಯಮ್ಮ?”

ನಾನು ಸ್ಕೂಲಿಗೆ ಹೋಗುವ ಕಾಲದಿಂದಲೂ ಅವ್ವ ಕೇಳುವ ಪ್ರಶ್ನೆಯೇ ಅದು. ಈಗ ಕೇಳುತ್ತಿರುವುದು ಅವ್ವನೋ, ಅವಳ ಬಾಯಲ್ಲಿ ನನ್ನ ಗಂಡನೋ? ಊರಿನ ಹೆಸರಿನ ಬೋರ್ಡು ಕಣ್ಣೆದುರೇ ಇತ್ತು. ಹೇಳದೆ ಫೋನ್ ಇಟ್ಟೆ.